ಹುಲ್ಲಕ್ಕ ಮತ್ತು ಕವರಿನ ಸದ್ದು

ಹುಲ್ಲಕ್ಕನನ್ನು ಮೊದಲ ಸಲ ನೋಡಿದ ದಿನ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಆಕೆಯ ಹಿಮ್ಮಡಿಗಳು. ಏಳನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ನಗರದ ಅಂಚಿನಲ್ಲಿರುವ ವನಕ್ಕೆ ಹೋಗಿದ್ದೆ. ಗಿಡಮರಗಳ ಹೆಸರು ಹೇಳಿಕೊಡುವುದು, ಉದುರಿದ ಎಲೆಗಳನ್ನು ಆರಿಸುವುದು, ಮಧ್ಯಾಹ್ನ ಬುತ್ತಿ ಬಿಚ್ಚಿಸುವುದು, ಸಂಜೆಯೊಳಗೆ ಎಲ್ಲರನ್ನೂ ಮನೆಗೆ ಮುಟ್ಟಿಸುವುದು, ಇಷ್ಟು ನನ್ನ ಪಾಲಿನ ಕೆಲಸ. ಕಾಲುದಾರಿಯ ತಿರುವಿನಲ್ಲಿ ಒಂದು ದೊಡ್ಡ ಪೊದೆ ಇದ್ದಕ್ಕಿದ್ದಂತೆ ಅಲುಗಾಡತೊಡಗಿತು. ಮಕ್ಕಳು ನನ್ನ ಬೆನ್ನಿಗೆ ಬಂದು ಅಂಟಿಕೊಂಡರು. ಪೊದೆಯ ಬುಡದಿಂದ ಮೊದಲು ಎರಡು ಒಡೆದ ಹಿಮ್ಮಡಿಗಳು ಹೊರಬಂದವು. ಆಮೇಲೆ ಸೊಂಟಕ್ಕೆ ಬಿಗಿದ ಹಳೆಯ ಟವೆಲು ಕಂಡಿತು. ಕೊನೆಗೆ ಇಡೀ ಹೆಂಗಸು ಹಿಮ್ಮುಖವಾಗಿ, ತನಗಿಂತ ದಪ್ಪನೆಯ ಗೋಣಿಚೀಲವೊಂದನ್ನು ಎಳೆಯುತ್ತ ದಾರಿಗೆ ಬಂದಳು. ಮೊಣಕೈವರೆಗೂ ಮುಳ್ಳು ಗೀಚಿದ ಗೆರೆಗಳು.

"ಅಜ್ಜೀ, ಚೀಲದಲ್ಲಿ ಏನಿದೆ?" ಎಂದ ನನ್ನ ತರಗತಿಯ ಒಬ್ಬ ಧೈರ್ಯಶಾಲಿ.

"ಅಜ್ಜಿ ಅಂದ್ರೆ ನಿಮ್ಮಮ್ಮನ ಅಮ್ಮ. ನಾನಿನ್ನೂ ಅಕ್ಕ," ಎಂದು ಆಕೆ ಸೊಂಟ ನೆಟ್ಟಗೆ ಮಾಡಿಕೊಂಡಳು. "ಒಳಗಿರೋದು ನಿಮ್ಮ ಮನೇದೇ ಸಾಮಾನು ಕಣಪ್ಪ. ಬಿಸ್ಕತ್ತಿನ ಪೊಟ್ಟಣ, ಜ್ಯೂಸಿನ ಡಬ್ಬಿ, ನಿಮ್ಮಪ್ಪಂದಿರು ಕುಡಿದು ಬಿಸಾಕಿದ ಬಾಟ್ಲಿ. ಬೇಕಾದ್ರೆ ವಾಪಸ್ ತಗೊಂಡು ಹೋಗು, ನನಗೆ ಭಾರ ಇಳಿಯುತ್ತೆ."

ಮಕ್ಕಳು ನಕ್ಕರು. ಆ ನಗುವಿನ ನಡುವೆಯೇ ಒಬ್ಬ ಹುಡುಗಿಯ ಕೈಯಿಂದ ಮಿಠಾಯಿಯ ಕಾಗದ ಕೆಳಗೆ ಜಾರಿತು. ಹುಲ್ಲಕ್ಕನ ಕಣ್ಣು ಅಲ್ಲೇ ಇತ್ತು.

"ಏನಮ್ಮಾ, ಬಿತ್ತನೆ ಮಾಡಿದ್ಯಾ? ಮಾಡು ಮಾಡು. ಮಳೆ ಬಿದ್ದ ಮೇಲೆ ಮೊಳಕೆ ಬರುತ್ತೇನೋ ನೋಡೋಣ."

ಹುಡುಗಿ ಕೆಂಪಾಗಿ ಕಾಗದವನ್ನು ಎತ್ತಿ ಚೀಲಕ್ಕೆ ಹಾಕಿದಳು. ಆ ದಿನ ನಾನು ಇನ್ನೊಂದು ಸಂಗತಿಯನ್ನೂ ಗಮನಿಸಿದೆ. ಚೀಲದ ಬಾಯಿ ಕಟ್ಟುವ ಮೊದಲು ಆಕೆ ಒಳಗೆ ಕೈಹಾಕಿ ಒಂದು ಪ್ಲಾಸ್ಟಿಕ್ ಕವರನ್ನು ಹೊರತೆಗೆದಳು. ಬೆಳಕಿಗೆ ಹಿಡಿದು ತೂತಿದೆಯೇ ಎಂದು ನೋಡಿದಳು. ಇರಲಿಲ್ಲ. ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮಿತವ್ಯಯದ ಹೆಂಗಸು ಎಂದುಕೊಂಡೆ.

ಅದೇ ವರ್ಷ ನಾನು ವನದ ಹಿಂಬಾಗಿಲಿನ ಎದುರು ಬೀದಿಯಲ್ಲಿ ಬಾಡಿಗೆಗೆ ಮನೆ ಹಿಡಿದೆ. ಬೆಳಗಿನ ನಡಿಗೆಗೆ ಅನುಕೂಲವೆಂದು ಹಿಡಿದ ಮನೆ, ಆಕೆಯ ಮತ್ತು ಆಕೆಯ ಗಂಡನ ಸ್ನೇಹಕ್ಕೂ ಅನುಕೂಲವಾಯಿತು. ಆಕೆ ವನದಲ್ಲಿ ಕಸ ಗುಡಿಸುವವಳು. ಗಂಡ ಹಿಂಬಾಗಿಲ ಕಾವಲುಗಾರ, ಎಲ್ಲರ ಬಾಯಲ್ಲಿ ಗೇಟಪ್ಪ. ಗೇಟಿಗೆ ಒತ್ತಿಕೊಂಡಂತೆ ಅವರಿಗೆ ಕೊಟ್ಟಿದ್ದ ಎರಡು ಕೋಣೆಯ ಮನೆ, ಹಿಂದೆ ಒಂದಿಷ್ಟು ಅಂಗಳ, ಅಂಗಳಕ್ಕೆ ತಂತಿಬೇಲಿ. ಬೇಲಿಯಾಚೆ ವನ. ಒಬ್ಬಳೇ ಮಗಳು ಮದುವೆಯಾಗಿ ದೂರ ಹೋಗಿದ್ದಳು.

ಆ ಅಂಗಳದಲ್ಲಿ ಬಟ್ಟೆ ಒಣಗಿಸುವ ಹಗ್ಗವಿತ್ತು. ಅದರಲ್ಲಿ ಬಟ್ಟೆಗಿಂತ ಕವರುಗಳೇ ಹೆಚ್ಚು. ಕಸದಲ್ಲಿ ಸಿಕ್ಕ ಗಟ್ಟಿ ಕವರುಗಳನ್ನೆಲ್ಲ ಆಕೆ ಸೋಪಿನ ನೀರಿನಲ್ಲಿ ಅದ್ದಿ, ತಿರುವಿ ತೊಳೆದು, ಕಿವಿ ಹಿಡಿದು ಸಾಲಾಗಿ ಹಗ್ಗಕ್ಕೆ ಹಾಕುತ್ತಿದ್ದಳು. ಗಾಳಿ ಬಂದರೆ ಸಾಕು, ಅಂಗಳದ ತುಂಬ ಪರಪರ ಸದ್ದು. ಕಾಳು ಕಟ್ಟಿಡಲು ಒಂದು, ಮಳೆಗಾಲದಲ್ಲಿ ಚಪ್ಪಲಿ ಸುತ್ತಲು ಒಂದು, ಗೇಟಪ್ಪನ ಟೋಪಿಯ ಮೇಲೆ ಹಾಕಲು ಒಂದು.

"ನಾಳೆ ನಾನು ಸತ್ರೆ ನನ್ನನ್ನೂ ಒಂದು ಕವರ್‌ನಲ್ಲಿ ಹಾಕಿ ಕಿವಿ ಕಟ್ತಾಳೆ ಮೇಷ್ಟ್ರೇ," ಎನ್ನುತ್ತಿದ್ದ ಗೇಟಪ್ಪ.

"ಅಷ್ಟು ದೊಡ್ಡ ಕವರ್ ಎಲ್ಲಿ ಸಿಗುತ್ತೆ? ಹೊಟ್ಟೆ ನೋಡ್ಕೊಂಡು ಮಾತಾಡಿ," ಎಂದು ಒಳಗಿನಿಂದ ಉತ್ತರ ಬರುತ್ತಿತ್ತು.

ಆಗ ವನದ ನಡುವೆ ಒಂದು ಹುಲ್ಲುಬಯಲು ಇತ್ತು. ಬೆಳಗಿನ ಹೊತ್ತು ಜಿಂಕೆಗಳ ಹಿಂಡು ಅಲ್ಲಿ ತಲೆ ತಗ್ಗಿಸಿ ನಿಂತಿರುತ್ತಿತ್ತು. ಹುಲ್ಲು ಅವುಗಳ ಮೊಣಕಾಲು ಮುಟ್ಟುವಷ್ಟು ಎತ್ತರ. ಬಯಲಿನ ಅಂಚಿಗೆ ಬೇಲಿಯ ಅಂದಕ್ಕೆಂದು ಹಿಂದಿನವರು ಯಾರೋ ಲಂಟಾನವೆಂಬ ಮುಳ್ಳುಪೊದೆ ನೆಟ್ಟಿದ್ದರು. ಒಂದೇ ಗೊಂಚಲಿನಲ್ಲಿ ಹಳದಿ, ಗುಲಾಬಿ ಎರಡೂ ಬಣ್ಣದ ಹೂವು, ನೋಡಲು ಚೆಂದ. ಹಕ್ಕಿಗಳು ಅದರ ಹಣ್ಣು ತಿಂದು ಬಯಲಿನ ಮೇಲೆಲ್ಲ ಹಿಕ್ಕೆ ಹಾಕಿದವು. ಆಮೇಲೆ ನಡೆಯುವವರಿಗಾಗಿ ದಾರಿ ಅಗಲ ಮಾಡಿದರು. ಅದಕ್ಕೆ ಹೊರಗಿನಿಂದ ಲಾರಿಗಟ್ಟಲೆ ಮಣ್ಣು ಬಂತು. ಮಣ್ಣಿನ ಜೊತೆಗೆ ಪಾರ್ಥೇನಿಯಂ ಬಂತು. ಕೆಲವೇ ವರ್ಷಗಳಲ್ಲಿ ದಾರಿಯ ಎರಡೂ ಬದಿಗೆ ಬಿಳಿ ಹೂವಿನ ಆ ಕಳೆ, ಅದರ ಹಿಂದೆ ಆಳೆತ್ತರದ ಲಂಟಾನ. ಇವೆರಡನ್ನೂ ಜಿಂಕೆ ಮೂಸಿ ನೋಡುವುದಿಲ್ಲ. ಒಮ್ಮೆ ವನದ ಕಚೇರಿಯವರು ಯಂತ್ರ ತರಿಸಿ ಲಂಟಾನವನ್ನು ಬುಡಕ್ಕೆ ಕತ್ತರಿಸಿದರು. ಒಂದು ಕಾಂಡ ಇದ್ದಲ್ಲಿ ಐದಾರು ಚಿಗುರಿ, ಮೊದಲಿಗಿಂತ ಒತ್ತಾಗಿ ಎದ್ದಿತು. ಹುಲ್ಲುಬಯಲು ವರ್ಷದಿಂದ ವರ್ಷಕ್ಕೆ ಒಗೆದ ಉಣ್ಣೆಯ ಬಟ್ಟೆಯಂತೆ ಕುಗ್ಗುತ್ತ ಹೋಯಿತು.

ಹಿಂದಿನ ಗೋಡೆಯ ಕಡೆ ಬೇರೊಂದು ಬೆಳೆ. ಗೋಡೆಯಾಚೆ ದೊಡ್ಡ ರಸ್ತೆ, ಹೊಸ ಹೊಸ ಮನೆಗಳ ಸಾಲು. ಕೆಲಸಕ್ಕೆ ಹೋಗುವವರು ಕಾರು ನಿಲ್ಲಿಸದೆಯೇ ಕಿಟಕಿಯಿಂದ ಕಸದ ಕವರನ್ನು ಒಳಕ್ಕೆ ಎಸೆಯುತ್ತಿದ್ದರು. ಕಿವಿಗೆ ಕಿವಿ ಗಂಟು ಹಾಕಿದ ಕವರು. ಒಳಗೆ ಊಟ ಉಳಿದದ್ದು, ತರಕಾರಿ ಸಿಪ್ಪೆ. ಆಕೆ ಅದನ್ನೆಲ್ಲ ಪೊದೆಯೊಳಗಿಂದ ಎಳೆದೆಳೆದು ಚೀಲ ತುಂಬುತ್ತಿದ್ದಳು. ಮರುದಿನ ಮತ್ತೆ ಅಷ್ಟೇ ಇರುತ್ತಿತ್ತು.

ಒಂದು ಬೇಸಿಗೆಯಲ್ಲಿ ಬಯಲು ಪೂರ್ತಿ ಒಣಗಿದಾಗ ಒಂದು ಹೆಣ್ಣುಜಿಂಕೆ, ಗೋಡೆ ಕುಸಿದ ಕಡೆಯಿಂದ ಜಿಗಿದು ರಸ್ತೆಯಂಚಿನ ಹಸಿರಿಗೆ ಬಾಯಿ ಹಾಕಲು ಹೋಯಿತು. ಲಾರಿಯೊಂದು ಹೊಡೆದು ಹೋಯಿತು. ಗೋಡೆಯ ಒಳಗೆ ಅದರ ಮರಿ ನಡುಗುತ್ತ ನಿಂತಿತ್ತು. ಗೇಟಪ್ಪ ತನ್ನ ಸಮವಸ್ತ್ರದ ಅಂಗಿಯಲ್ಲಿ ಅದನ್ನು ಸುತ್ತಿ ಮನೆಗೆ ತಂದ. ವಾರಕ್ಕೊಮ್ಮೆ ಬರುತ್ತಿದ್ದ ಪಶುವೈದ್ಯರು, ಇನ್ನೂ ಚಿಕ್ಕ ವಯಸ್ಸಿನವರು, ನೋಡಿ ಹೇಳಿದರು: "ಹಿಂಡಿಗೆ ಬಿಟ್ರೆ ಉಳಿಯಲ್ಲ. ಬಾಟ್ಲಿಯಲ್ಲಿ ಹಾಲು ಕುಡಿಸಿ ಸಾಕೋಕೆ ಆಗುತ್ತೇನಮ್ಮ?"

"ಒಂದು ಹೆಣ್ಣು ಸಾಕಿ ಕೊಟ್ಟಿದ್ದೀನಿ ಡಾಕ್ಟ್ರೇ. ಇದಕ್ಕೆ ಜಡೆ ಹಾಕೋ ಕೆಲಸವೂ ಇಲ್ಲ," ಎಂದಳು ಆಕೆ.

ಮಗಳು ಹೋದ ಮನೆಗೆ ಸೊಸೆ ಬಂದಳು ಎಂದು ಗೇಟಪ್ಪ ಬಂದವರಿಗೆಲ್ಲ ಹೇಳಿದ. ಆ ಹೆಸರೇ ನಿಂತಿತು. ಸೊಸೆ ಅಂಗಳದಲ್ಲಿ ಮಲಗುತ್ತಿತ್ತು, ಅಡುಗೆಯ ಕೋಣೆಗೆ ಬರುತ್ತಿತ್ತು, ತಟ್ಟೆ ಲೋಟ ಬಿದ್ದರೆ ಕಿವಿಯನ್ನೂ ಅಲುಗಿಸುತ್ತಿರಲಿಲ್ಲ.

"ಸೊಸೆ ಅಂದ್ರೆ ಕೆಲಸ ಮಾಡ್ಬೇಕು. ಇವಳು ಬರೀ ಮಾಡಿಸ್ಕೋತಾಳೆ," ಎಂದು ಗೇಟಪ್ಪ ರೇಗಿಸುವನು.

"ನೀವೇನು ಕಡಿದು ಕಟ್ಟೆ ಹಾಕ್ತಿದ್ದೀರಾ? ಸ್ಟೂಲಿನ ಮೇಲೆ ಕೂತ್ಕೊಂಡು ಗೇಟು ಓಡಿ ಹೋಗದ ಹಾಗೆ ನೋಡ್ಕೋತೀರಿ, ಅಷ್ಟೇ ತಾನೇ?"

ಮರಿ ಹಾಲು ಬಿಟ್ಟು ಹುಲ್ಲಿಗೆ ಬಂದಾಗ ವನದಲ್ಲಿ ಎಳೆ ಹುಲ್ಲು ಸಿಗಲಿಲ್ಲ. ರಸ್ತೆಯಾಚೆ ನೀರಿನ ಟ್ಯಾಂಕಿನ ಅಂಗಳದಲ್ಲಿ ಸದಾ ನೀರು ಸೋರಿ ಹುಲ್ಲು ಹಸಿರಾಗಿರುತ್ತಿತ್ತು. ಆಕೆ ಕೆಲಸ ಮುಗಿದ ಮೇಲೆ ಅಲ್ಲಿಗೆ ಹೋಗಿ ಕುಡುಗೋಲಿನಲ್ಲಿ ಹುಲ್ಲು ಕೊಯ್ದು ತರುತ್ತಿದ್ದಳು. ಯಾವುದರಲ್ಲಿ ತರುವುದು? ಹಗ್ಗದ ಮೇಲೆ ಕವರುಗಳಿದ್ದವಲ್ಲ. ಒಂದನ್ನು ತೆಗೆದುಕೊಂಡು ಹೋಗುವಳು, ತುಂಬಿಕೊಂಡು ಬರುವಳು. ಕವರು ಬಿಚ್ಚುವ ಸದ್ದಾದರೆ ಸೊಸೆ ಎಲ್ಲಿದ್ದರೂ ಓಡಿ ಬಂದು ಆಕೆಯ ಕಂಕುಳಿಗೆ ಮೂತಿ ತೂರಿಸುತ್ತಿತ್ತು.

ಬೆಳೆದ ಮೇಲೆ ಸೊಸೆಯನ್ನು ಹಿಂಡಿಗೆ ಬಿಟ್ಟರು. ಹೋಗಿ ಸೇರಿಕೊಂಡಿತು. ಆದರೆ ಮುಂದಿನ ಬೇಸಿಗೆ ಬಂದಾಗ ಇಡೀ ಹಿಂಡಿನ ಪಕ್ಕೆಲುಬುಗಳು ಕಾಣತೊಡಗಿದವು. ಆಕೆಗೆ ತಡೆಯಲಾಗಲಿಲ್ಲ. ದೊಡ್ಡ ಕವರುಗಳನ್ನು ಆರಿಸಿ, ಎರಡೂ ಕೈಗೆ ಒಂದೊಂದು, ಹೆಗಲಿಗೆ ಒಂದು, ಹೀಗೆ ಹುಲ್ಲು ಹೊತ್ತು ಬಯಲಿನ ಅಂಚಿಗೆ ಹೋಗಿ ನಿಲ್ಲುತ್ತಿದ್ದಳು. ಕವರನ್ನು ಗಾಳಿಯಲ್ಲಿ ಅಲ್ಲಾಡಿಸುತ್ತಿದ್ದಳು. ಸೊಸೆ ಬರುತ್ತಿತ್ತು. ಸೊಸೆಯ ಹಿಂದೆ ಒಂದೊಂದಾಗಿ ಉಳಿದವೂ ಬಂದವು. ಮೊದಮೊದಲು ಮಾರು ದೂರದಲ್ಲಿ ನಿಂತು ನೋಡುತ್ತಿದ್ದವು, ಆಮೇಲೆ ಕಾಲಿನ ಹತ್ತಿರಕ್ಕೇ ಬಂದವು. ಜನ ನಿಂತು ಚಿತ್ರ ತೆಗೆದರು. ಕಚೇರಿಯವರೂ ಬೇಡವೆನ್ನಲಿಲ್ಲ, ಜಿಂಕೆ ಕಂಡರೆ ಬರುವವರಿಗೆ ಸಂತೋಷ. ನಮ್ಮ ಶಾಲೆಯ ಮಕ್ಕಳು ಆಕೆಗೆ ಹುಲ್ಲಕ್ಕ ಎಂದು ಹೆಸರಿಟ್ಟದ್ದು ಆಗಲೇ.

"ಬಾಯಿ ಬಿಟ್ಟು ಕೂಗೋದೂ ಬೇಡ ಮೇಷ್ಟ್ರೇ. ಒಂದು ಸಲ ಹಿಂಗೆ ಅಂದ್ರೆ ಸಾಕು," ಎಂದು ನನ್ನೆದುರು ಕವರನ್ನು ಪರಪರ ಎನ್ನಿಸಿ ತೋರಿಸುವಾಗ ಆಕೆಯ ಮುಖ ಬೆಳಗುತ್ತಿತ್ತು. ಮಗ್ಗಿ ಒಪ್ಪಿಸಿದ ಮಗುವಿನ ಮುಖ ಹಾಗಿರುತ್ತದೆ.

ಜಿಂಕೆಗಳು ಸಾಯತೊಡಗಿದ್ದು ಅದಾದ ಎರಡನೆಯ ವರ್ಷ. ಮೊದಲು ಒಂದು ಮುದಿ ಗಂಡು. ವಯಸ್ಸಾಗಿತ್ತು ಎಂದರು. ಆಮೇಲೆ ಒಂದು ಪ್ರಾಯದ ಹೆಣ್ಣು, ಹೊಟ್ಟೆ ಉಬ್ಬಿ, ಲಂಟಾನದ ಬುಡದಲ್ಲಿ ಬಿದ್ದಿತ್ತು. ವೈದ್ಯರು ಅದನ್ನು ಕಚೇರಿಯ ಹಿಂದಿನ ಶೆಡ್ಡಿನಲ್ಲಿ ಕೊಯ್ದು ನೋಡಿದರು. ಹುಲ್ಲಕ್ಕ ನೀರಿನ ಬಕೆಟ್ಟು ಹಿಡಿದು ಪಕ್ಕದಲ್ಲಿ ನಿಂತಿದ್ದಳು. ವೈದ್ಯರು ಹೊಟ್ಟೆಯಿಂದ ತೆಗೆದದ್ದು ತಿರುಚಿದ ಹಗ್ಗದ ಉಂಡೆಯಂತಿತ್ತು. ನೀರು ಹಾಕಿದಾಗ ಒಂದೊಂದೇ ಬಣ್ಣ ಕಂಡಿತು. ಬಿಳಿ, ನೀಲಿ, ಅಂಗಡಿಯ ಹೆಸರಿನ ಕೆಂಪು ಅಕ್ಷರಗಳು.

"ಹೊಟ್ಟೆ ತುಂಬಿದೆಯಮ್ಮ. ಆದ್ರೆ ಸತ್ತಿರೋದು ಉಪವಾಸದಿಂದ," ಎಂದರು ವೈದ್ಯರು. "ಕವರ್‌ನಲ್ಲಿ ಊಟದ ಉಪ್ಪು ಅಂಟಿರುತ್ತೆ. ಅದರ ಆಸೆಗೆ ಕವರನ್ನೂ ನುಂಗಿಬಿಡ್ತಾವೆ. ಅದು ಮುಂದಕ್ಕೂ ಹೋಗಲ್ಲ, ಹಿಂದಕ್ಕೂ ಬರಲ್ಲ."

ಹುಲ್ಲಕ್ಕನ ಸಿಟ್ಟೆಲ್ಲ ಕಸ ಎಸೆಯುವವರ ಮೇಲೆ ತಿರುಗಿತು. ಬೆಳಕು ಹರಿಯುವ ಮೊದಲೇ ಚೀಲ ಹಿಡಿದು ಹೊರಟುಬಿಡುತ್ತಿದ್ದಳು. ಕಾರುಗಳು ಬರುವ ಹೊತ್ತಿಗೆ ಕುಸಿದ ಗೋಡೆಯ ಮೇಲೆ ಪೊರಕೆ ಹಿಡಿದು ಕೂರುತ್ತಿದ್ದಳು. ಒಮ್ಮೆ ಒಬ್ಬ ಎಸೆದ ಕವರನ್ನು ಎತ್ತಿ ಅವನ ಕಾರಿನ ಕಿಟಕಿಯಿಂದ ಒಳಕ್ಕೆ ಹಾಕಿ, "ಮರೆತು ಹೋಗ್ತಿದ್ದೀರಿ ಸ್ವಾಮಿ," ಎಂದಳಂತೆ. ಆತ ಕಚೇರಿಗೆ ದೂರು ಕೊಟ್ಟ. ಮೇಲಿನವರು ಆಕೆಯನ್ನು ಕರೆಸಿ ಬೈದರು, ಆಮೇಲೆ ಗೋಡೆಯ ಮೇಲೆ ಕಸ ಹಾಕಬಾರದೆಂದು ಬರೆಸಿದರು. ಕಸ ಆ ಬರಹದ ಕೆಳಗೇ ಬೀಳತೊಡಗಿತು. ಮತ್ತೆರಡು ಜಿಂಕೆ ಸತ್ತವು.

ಆಕೆಗಿದ್ದ ಭಯ ಒಂದೇ. ಸೊಸೆ ಆಗ ಗಬ್ಬವಾಗಿತ್ತು.

ಒಂದು ಗಾಳಿಯ ಮಧ್ಯಾಹ್ನ ನಾನು ಬಯಲಿನ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತಿದ್ದೆ. ಹುಲ್ಲಕ್ಕ ಎದುರಿಗೆ ಗುಡಿಸುತ್ತಿದ್ದಳು. ದಾರಿಯ ಆ ತುದಿಯಿಂದ ಖಾಲಿ ಕವರೊಂದು ಗಾಳಿ ತುಂಬಿಕೊಂಡು, ಪರಪರ ಎನ್ನುತ್ತ, ನೆಲಕ್ಕೆ ತಾಗಿ ತಾಗಿ ಉರುಳಿಕೊಂಡು ಬಂತು. ಲಂಟಾನದ ಸಂದಿನಿಂದ ಸೊಸೆ ಹೊರಬಂದಿತು. ಅಗಲವಾದ ಹೊಟ್ಟೆ ಹೊತ್ತುಕೊಂಡು ಆ ಕವರಿನ ಹಿಂದೆ ಓಡಿತು. ಹುಲ್ಲಕ್ಕ ತಲೆಯೆತ್ತುವುದರೊಳಗೆ ಅದರ ತುದಿ ಸೊಸೆಯ ಬಾಯಿಯಲ್ಲಿತ್ತು.

"ಏಯ್! ಉಗಿಯೇ ಅದನ್ನ! ಅದು ಊಟ ಅಲ್ಲ ಕಣೇ!"

ಪೊರಕೆ ಬಿಸಾಕಿ ಓಡಿದಳು. ಒಂದು ಕೈಯಲ್ಲಿ ದವಡೆ ಅದುಮಿ, ಇನ್ನೊಂದು ಕೈಯ ಬೆರಳು ಗಂಟಲಿನ ತನಕ ಹಾಕಿ ಎಳೆದಳು. ಕವರು ಒದ್ದೆಯಾಗಿ, ಉದ್ದವಾಗಿ, ಬರುತ್ತಲೇ ಇತ್ತು. ಪೂರ್ತಿ ಬಂದ ಮೇಲೆ ಸೊಸೆ ಕೋಪಿಸಿಕೊಳ್ಳಲಿಲ್ಲ. ಆಕೆಯ ಕಂಕುಳಿಗೆ ಮೂತಿ ತೂರಿಸಿ ಹುಲ್ಲು ಹುಡುಕಿತು.

ಹುಲ್ಲಕ್ಕ ಹಾಗೆಯೇ ನಿಂತಳು. ಕೈಯಲ್ಲಿದ್ದ ಕವರನ್ನು ನೋಡಿದಳು, ಸೊಸೆಯನ್ನು ನೋಡಿದಳು. ಆಮೇಲೆ ಸೊಂಟಕ್ಕೆ ಸಿಕ್ಕಿಸಿದ್ದ, ನಾಲ್ಕು ಮಡಿಕೆಯ ತನ್ನ ಕವರನ್ನು ನಿಧಾನವಾಗಿ ತೆಗೆದು ಬಿಚ್ಚಿ, ಒಂದೇ ಒಂದು ಸಲ ಅಲ್ಲಾಡಿಸಿದಳು. ಬಯಲಿನ ಆಚೆಯ ಪೊದೆಗಳು ಕದಲಿದವು. ಒಂದಾದ ಮೇಲೊಂದು ಜಿಂಕೆಗಳು ಕಿವಿ ಮುಂದೆ ಮಾಡಿಕೊಂಡು ಹೊರಗೆ ಬಂದವು. ನೇರ ಆಕೆಯ ಕಡೆಗೆ ಬಂದವು.

ಆಕೆ ಕವರನ್ನು ಮತ್ತೆ ಮಡಚಿದಳು. ಬೆಂಚಿನ ಮೇಲೆ ನನ್ನ ಪಕ್ಕ ಬಂದು ಕೂತಳು. ಸಂಜೆ ನಾನು ಅವರ ಮನೆಯ ಮುಂದೆ ಹಾದು ಹೋದಾಗ ಅಂಗಳದ ಹಗ್ಗ ಖಾಲಿಯಿತ್ತು.

ಮರುದಿನ ಬೆಳಿಗ್ಗೆ ಗೇಟಿನ ಹತ್ತಿರ ಕಾದಿದ್ದಳು.

"ನಾನೇ ಕಲಿಸಿದ್ದು ಮೇಷ್ಟ್ರೇ."

"ಹಾಗೆಲ್ಲ ಅಂದ್ಕೋಬೇಡಿ ಹುಲ್ಲಕ್ಕ. ಉಪ್ಪಿನ ಆಸೆಗೆ ತಿನ್ನುತ್ತವೆ ಅಂತ ಡಾಕ್ಟ್ರೇ ಹೇಳಿದ್ರಲ್ಲ. ಎಲ್ಲ ಕಡೆಯ ಜಿಂಕೆಗಳೂ ತಿನ್ನುತ್ತವಂತೆ."

"ತಿನ್ನಬಹುದು. ಓಡಿ ಬಂದು ತಿನ್ನಲ್ಲ."

ಗೇಟಪ್ಪ ಸ್ಟೂಲಿನ ಮೇಲೆ ತಲೆ ತಗ್ಗಿಸಿ ಕೂತಿದ್ದ. ಅವನ ಬಾಯಿಗೆ ಅಂದು ತಮಾಷೆ ಬರಲಿಲ್ಲ.

"ಇಷ್ಟು ವರ್ಷ ಪಾಠ ಹೇಳಿದ್ದೀರಿ. ಕಲಿಸಿದ್ದನ್ನ ಮರೆಸೋದು ಹೇಗೆ, ಅದನ್ನ ಹೇಳಿ," ಎಂದಳು.

ಮಕ್ಕಳಿಗೆ ಒಮ್ಮೆ ತಪ್ಪಾಗಿ ಕೂತ ಕಾಗುಣಿತವನ್ನು ತಿದ್ದುವುದೇ ಎಷ್ಟು ಕಷ್ಟವೆಂಬುದು ನನಗೆ ಗೊತ್ತಿತ್ತು. ಆಕೆ ಅದೇ ಪ್ರಶ್ನೆಯನ್ನು ವೈದ್ಯರಲ್ಲೂ ಕೇಳಿದಳು. ಮರೆಯುವುದಕ್ಕೆ ಸೂಜಿಮದ್ದು ಇದೆಯೇ ಎಂದು ವಿಚಾರಿಸಿದಳು. ವೈದ್ಯರು ನಗಲಿಲ್ಲ.

"ಮರೆಸೋಕೆ ಆಗಲ್ಲಮ್ಮ. ಅದೇ ಸದ್ದು ಕೇಳಿದ್ರೆ ಹೆದರೋ ಹಾಗೆ ಮಾಡಬಹುದು, ಅಷ್ಟೇ. ಆದ್ರೆ ಅದನ್ನ ಅವು ನಂಬಿರೋರೇ ಮಾಡ್ಬೇಕು. ಬಿಡದೆ ಮಾಡ್ಬೇಕು."

ಹೀಗೆ ಹುಲ್ಲಕ್ಕನ ಎರಡನೆಯ ಪಾಠ ಶುರುವಾಯಿತು. ಹುಲ್ಲು ತರುವುದನ್ನು ನಿಲ್ಲಿಸಿದಳು. ಎಡಗೈಯಲ್ಲಿ ಖಾಲಿ ಕವರು, ಬಲಗೈಯಲ್ಲಿ ಕಬ್ಬಿಣದ ಸರಳು, ಕೊರಳಿಗೆ ದಾರ ಕಟ್ಟಿ ನೇತುಹಾಕಿಕೊಂಡ ತಗಡಿನ ಮುಚ್ಚಳ. ಬಯಲಿನ ಅಂಚಿನಲ್ಲಿ, ಹುಲ್ಲು ಹಾಕುತ್ತಿದ್ದ ಅದೇ ಜಾಗದಲ್ಲಿ ನಿಂತು ಕವರನ್ನು ಅಲ್ಲಾಡಿಸುವಳು. ಜಿಂಕೆಗಳು ಹತ್ತಿರ ಬರುವ ತನಕ ಕಾಯುವಳು. ಬಂದವು ಎನ್ನುವಾಗ ಮುಚ್ಚಳಕ್ಕೆ ಸರಳಿನಿಂದ ಬಡಿದು, ಬಾಯಿಗೆ ಬಂದಂತೆ ಕಿರುಚುತ್ತ, ಮಣ್ಣಿನ ಹೆಂಟೆ ಎಸೆಯುತ್ತ ಅವುಗಳ ಮೇಲೆ ನುಗ್ಗುವಳು. ಗೇಟಪ್ಪ ಆಚೆ ಬದಿಯಿಂದ ಕೋಲಿನಲ್ಲಿ ಪೊದೆ ಬಡಿಯುವನು. ಹಿಂಡು ದಿಕ್ಕಾಪಾಲಾಗಿ ಓಡುತ್ತಿತ್ತು.

ನಡೆಯಲು ಬಂದ ಯಜಮಾನರೊಬ್ಬರು ಒಮ್ಮೆ ತಡೆದು ನಿಂತರು. "ಏನಮ್ಮ, ಬಾಯಿಲ್ಲದ ಪ್ರಾಣಿಗಳಿಗೆ ಹೀಗಾ ಮಾಡೋದು? ನಿನ್ನ ಮೇಲೆ ಕಂಪ್ಲೇಂಟ್ ಕೊಡ್ತೀನಿ."

ಅವರ ಕೈಯಲ್ಲಿ ಅರ್ಧ ಮುಗಿದ ಚಿಪ್ಸಿನ ಪೊಟ್ಟಣವಿತ್ತು. "ಕೊಡಿ ಸ್ವಾಮಿ," ಎಂದಳು ಹುಲ್ಲಕ್ಕ, ಕೈ ಚಾಚಿ. "ಮೊದಲು ಆ ಪೊಟ್ಟಣ ನನ್ನ ಕೈಗೆ ಕೊಡಿ. ಆಮೇಲೆ ಕಂಪ್ಲೇಂಟ್."

ಬೇರೆ ಜಿಂಕೆಗಳು ಕೆಲವೇ ವಾರಗಳಲ್ಲಿ ಸದ್ದಿಗೆ ಬರುವುದನ್ನು ಕಡಿಮೆ ಮಾಡಿದವು. ಸೊಸೆ ಮಾತ್ರ ಬರುತ್ತಿತ್ತು. ಅಷ್ಟರಲ್ಲಿ ಅದು ಈದಿತ್ತು. ಬೆನ್ನ ಮೇಲೆಲ್ಲ ಚುಕ್ಕೆಯಿದ್ದ ಒಂದು ಹೆಣ್ಣುಮರಿ ಅದರ ಹಿಂದೆಯೇ ಇರುತ್ತಿತ್ತು. ಮುಚ್ಚಳ ಬಡಿದರೆ ಮರಿ ಬೆದರುತ್ತಿತ್ತು, ತಾಯಿ ಕದಲುತ್ತಿರಲಿಲ್ಲ. ತಟ್ಟೆ ಲೋಟಗಳ ಸದ್ದಿನ ನಡುವೆ ಬೆಳೆದದ್ದು ತಗಡಿಗೆ ಹೆದರುವುದುಂಟೇ? ಆ ಗದ್ದಲದ ನಡುವೆಯೇ ಬಂದು ಹುಲ್ಲಕ್ಕನ ಮಗ್ಗುಲಿಗೆ ನಿಲ್ಲುತ್ತಿತ್ತು. ತಾಯಿ ನಿಂತದ್ದನ್ನು ನೋಡಿ ಮರಿಯೂ ನಿಲ್ಲುತ್ತಿತ್ತು.

"ಅದರ ಮಗಳೂ ಕಲೀತಿದೆ," ಎಂದಳು ಒಂದು ದಿನ. ಮರುದಿನ ಗೇಟಪ್ಪನ ಕೈಯಿಂದ ಕೋಲು ತೆಗೆದುಕೊಂಡಳು.

ಆ ಬೆಳಿಗ್ಗೆ ನಾನು ಅಲ್ಲಿದ್ದೆ. ಕವರಿನ ಸದ್ದಿಗೆ ಸೊಸೆ ಬಂದಿತು, ಎಂದಿನಂತೆ ಮೂತಿ ತೂರಿಸಲು ಕತ್ತು ಚಾಚಿತು. ಹುಲ್ಲಕ್ಕ ಅದರ ಪಕ್ಕೆಗೆ ಕೋಲು ಬೀಸಿ ಹೊಡೆದಳು. ಮರಿ ಚಂಗನೆ ಹಾರಿ ಮಾಯವಾಯಿತು. ಸೊಸೆ ನಾಲ್ಕು ಹೆಜ್ಜೆ ಓಡಿ ನಿಂತು ತಿರುಗಿ ನೋಡಿತು. ಪೆಟ್ಟು ಕೈತಪ್ಪಿ ಬಿದ್ದಿರಬೇಕು ಎಂದುಕೊಂಡಿತೋ ಏನೋ, ಮತ್ತೆ ಹತ್ತಿರ ಬಂದಿತು. ಆಕೆ ಇನ್ನೊಂದು ಪೆಟ್ಟು ಕೊಟ್ಟಳು. "ಹೋಗೇ! ಹೋಗು ಅಂದ್ರೆ ಹೋಗೇ, ಹಾಳಾದವಳೇ!" ಗೇಟಪ್ಪ ಮುಖ ಆಚೆ ತಿರುಗಿಸಿದ.

ಹೀಗೆ ಎಷ್ಟೋ ಬೆಳಿಗ್ಗೆ ನಡೆಯಿತು. ಕೊನೆಗೊಂದು ದಿನ ಕವರಿನ ಸದ್ದಾದಾಗ ಸೊಸೆಯೂ ಮರಿಯೂ ಪೊದೆಯಂಚಿನಿಂದಲೇ ತಿರುಗಿ ಓಡಿದವು. ಹುಲ್ಲಕ್ಕ ಕೋಲನ್ನು ಕೆಳಗೆ ಹಾಕಿ ಬೆಂಚಿನ ಮೇಲೆ ಕೂತು ಉಸಿರು ಬಿಟ್ಟಳು. "ಪಾಸಾಯ್ತು ಮೇಷ್ಟ್ರೇ," ಎಂದಳು.

ಆದರೆ ಹೊಟ್ಟೆಯೊಳಗೆ ಆಗಲೇ ಸೇರಿದ್ದಕ್ಕೆ ಯಾವ ಪಾಠವೂ ತಾಗುವುದಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಸೊಸೆ ಹಿಂಡಿನಿಂದ ಹಿಂದೆ ಉಳಿಯತೊಡಗಿತು. ಒಂದು ಬೆಳಿಗ್ಗೆ ಗುಡಿಸಲು ಹೋದ ಹುಲ್ಲಕ್ಕನಿಗೆ ಅದು ಲಂಟಾನದ ಅಡಿಯಲ್ಲಿ, ಹೊಟ್ಟೆ ಉಬ್ಬಿ ಮಲಗಿದ್ದು ಕಂಡಿತು. ಕಣ್ಣು ತೆರೆದಿತ್ತು. ಆಕೆ ಮುಳ್ಳಿನ ನಡುವೆ ತೆವಳಿಕೊಂಡು ಒಳಗೆ ಹೋದಳು.

ಮುಂದಿನದನ್ನು ಆಕೆಯೇ ನನಗೆ ಹೇಳಿದ್ದು, ವೈದ್ಯರಿಗಾಗಿ ಶೆಡ್ಡಿನ ಹೊರಗೆ ಕಾಯುತ್ತಿದ್ದಾಗ. "ನನ್ನ ಹೆಜ್ಜೆ ಸದ್ದು ಕೇಳಿ ಎದ್ದು ಓಡೋಕೆ ನೋಡ್ತು ಮೇಷ್ಟ್ರೇ. ಆಗಲಿಲ್ಲ. ಕಾಲು ಮಾತ್ರ ಆಡಿಸ್ತು. ನಾನು ಹೊಡೀತೀನಿ ಅಂದ್ಕೊಂಡೇ ಹೋಯ್ತು."

ವೈದ್ಯರು ತೆಗೆದ ಉಂಡೆ ಹಳೆಯದು, ಗಟ್ಟಿಯಾಗಿತ್ತು. ಮೇಲೆ ಹೊಸ ಕವರು ಒಂದೂ ಇರಲಿಲ್ಲ. ಅದನ್ನು ಅವರು ಸಮಾಧಾನಕ್ಕೆಂದೇ ಹೇಳಿದರು: "ಇತ್ತೀಚೆಗೆ ತಿಂದೇ ಇಲ್ಲಮ್ಮ. ನೀವು ಕಲಿಸಿದ್ದು ಅದಕ್ಕೆ ಹತ್ತಿತ್ತು." ಜವಾನ ಆ ಉಂಡೆಯನ್ನು ಎತ್ತಲು ಬಂದಾಗ ಹುಲ್ಲಕ್ಕ ತಡೆದಳು. "ಬಿಡು. ಕಸ ನನ್ನ ಕೆಲಸ," ಎಂದು ಬರಿಗೈಯಲ್ಲಿ ಎತ್ತಿ ಚೀಲಕ್ಕೆ ಹಾಕಿಕೊಂಡಳು.

ಇದೆಲ್ಲ ನಡೆದು ಬಹಳ ಕಾಲವಾಯಿತು. ಗೇಟಪ್ಪನ ನೌಕರಿ ಮುಗಿಯಿತು, ಹಿಂಬಾಗಿಲ ಮನೆ ಬಿಟ್ಟುಕೊಟ್ಟರು. ಈಗ ಅವರಿಬ್ಬರೂ ನಮ್ಮ ಬೀದಿಯ ಸೈಕಲ್ ಅಂಗಡಿಯ ಹಿಂದೆ ಒಂದೇ ಕೋಣೆಯಲ್ಲಿದ್ದಾರೆ. ಕೋಣೆಯೊಳಗೆ ಹುಡುಕಿದರೂ ಒಂದು ಪ್ಲಾಸ್ಟಿಕ್ ಕವರು ಸಿಗುವುದಿಲ್ಲ, ಒಂದನ್ನು ಬಿಟ್ಟು. ಅದು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ ಬಟ್ಟೆಯ ಚೀಲದಲ್ಲಿರುತ್ತದೆ, ತಗಡಿನ ಮುಚ್ಚಳದ ಜೊತೆಗೆ. ಮಂಡಿ ನೋವು ಜಾಸ್ತಿಯಾಗಿದ್ದರೂ ಹುಲ್ಲಕ್ಕ ದಿನವೂ ಬೆಳಿಗ್ಗೆ ಆ ಚೀಲ ಮತ್ತು ಒಂದು ಸಣ್ಣ ಪಿಕಾಸಿ ಹಿಡಿದು ವನಕ್ಕೆ ಹೋಗುತ್ತಾಳೆ. ಈಗಿನ ಕಾವಲುಗಾರ ಟಿಕೆಟ್ ಕೇಳುವುದಿಲ್ಲ. "ಬಂದ್ಲು ನೋಡಿ ಜಿಂಕೆ ಓಡಿಸೋ ಅಜ್ಜಿ," ಎನ್ನುತ್ತಾನೆ. ಅಜ್ಜಿ ಎಂದರೆ ಆಕೆ ಈಗ ಜಗಳವಾಡುವುದಿಲ್ಲ.

ಬಯಲು ಇದ್ದ ಜಾಗದಲ್ಲಿ ಮೊದಲು ಕವರು ಬಿಚ್ಚಿ ಅಲ್ಲಾಡಿಸುತ್ತಾಳೆ. ಆಮೇಲೆ ಮುಚ್ಚಳ ಬಡಿಯುತ್ತಾಳೆ. ಪ್ರತಿ ವರ್ಷ ಹೊಸ ಮರಿಗಳು ಹುಟ್ಟುತ್ತವೆ, ಅವುಗಳಿಗೂ ಪಾಠವಾಗಬೇಕಲ್ಲ. ಗೋಡೆಯ ಕಡೆಯಿಂದ ಕಸ ಬರುವುದು ನಿಂತಿಲ್ಲ. ಹೋದ ವರ್ಷವೂ ಒಂದು ಜಿಂಕೆ ಸತ್ತಿತು. ಸೊಸೆಯ ಮಗಳು ಈಗ ದೊಡ್ಡದಾಗಿದೆ, ಅದರ ಹಿಂದೆಯೂ ಮರಿಗಳು ಓಡಾಡುತ್ತವೆ. ಗೇಟಪ್ಪನಿಗೆ ಅದಕ್ಕೆ ಮೊಮ್ಮಗಳೆಂದು ಹೆಸರಿಡುವ ಆಸೆಯಿತ್ತು. ಹುಲ್ಲಕ್ಕ ಒಪ್ಪಲಿಲ್ಲ. "ಹೆಸರಿಟ್ರೆ ಕರೀಬೇಕು ಅನ್ಸುತ್ತೆ ಕಣ್ರೀ," ಎಂದಳು.

ಸದ್ದು ಮಾಡಿ ಮುಗಿದ ಮೇಲೆ ಪಿಕಾಸಿ ಹಿಡಿದು ಲಂಟಾನದ ಬುಡ ಅಗೆಯುತ್ತಾಳೆ. ಕತ್ತರಿಸುವುದಿಲ್ಲ, ಬೇರಿನ ಗಡ್ಡೆ ಸಿಕ್ಕುವ ತನಕ ಅಗೆದು ಕೀಳುತ್ತಾಳೆ, ಹೂವು ಹಣ್ಣು ಉದುರದಂತೆ ಗೋಣಿಯಲ್ಲಿ ಕಟ್ಟುತ್ತಾಳೆ. ಇಷ್ಟು ವರ್ಷದಲ್ಲಿ ಬಿಡುಗಡೆಯಾದ ನೆಲ ನಮ್ಮ ಹಳೆಯ ತರಗತಿಯ ಕೋಣೆಯಷ್ಟಿದ್ದೀತು. ಆಚೆ ಬದಿಯಲ್ಲಿ ಅದರ ಹತ್ತರಷ್ಟು ಹೊಸದಾಗಿ ಬೆಳೆದಿದೆ. ಆ ಕೋಣೆಯಷ್ಟು ಜಾಗದಲ್ಲಿ ಹುಲ್ಲು ಬಂದಿದೆ.

ಆ ಹುಲ್ಲನ್ನು ಜಿಂಕೆ ತಿನ್ನುವುದನ್ನು ಆಕೆ ಒಮ್ಮೆಯೂ ನೋಡಿಲ್ಲ. ಆಕೆ ಇರುವ ತನಕ ಅವು ಬರುವುದಿಲ್ಲ. ನಿನ್ನೆ ಬೆಳಿಗ್ಗೆ ನಾನು ಕೋಲೂರಿಕೊಂಡು ಅಲ್ಲಿ ತನಕ ಹೋಗಿದ್ದೆ. ಆಕೆ ನೆಲಕ್ಕೆ ಕೂತು, ಹುಲ್ಲಿನ ತುದಿಗಳನ್ನು ಬೆರಳಿನಿಂದ ಸವರಿ ನೋಡುತ್ತಿದ್ದಳು. ಕೆಲವು ತುದಿಗಳು ಹೊಸದಾಗಿ ಕಚ್ಚಿದಂತೆ ತುಂಡಾಗಿದ್ದವು.

"ಬಂದಿದ್ವು," ಎಂದಳು ನನಗೆ ಮಾತ್ರ ಕೇಳುವಂತೆ.

ಅಷ್ಟರಲ್ಲಿ ಪೊದೆಯ ಆಚೆ ಏನೋ ಕದಲಿತು. ಎರಡು ಕಿವಿಗಳು ಕಂಡವು. ಹುಲ್ಲಕ್ಕ ತಿರುಗಿ ನೋಡಲಿಲ್ಲ. ಚೀಲದಿಂದ ಕವರು ತೆಗೆದು ಒಮ್ಮೆ ಅಲ್ಲಾಡಿಸಿದಳು, ಮುಚ್ಚಳಕ್ಕೆ ಜೋರಾಗಿ ಬಡಿದಳು. ಒಣಗಿದ ಎಲೆಗಳ ಮೇಲೆ ಓಡಿಹೋಗುವ ಕಾಲುಗಳ ಸದ್ದು ದೂರ ದೂರವಾಗುವ ತನಕ ಹಾಗೆಯೇ ಕಿವಿಗೊಟ್ಟು ಕೂತಿದ್ದಳು. ಆಮೇಲೆ ಕವರನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿ, ಪಿಕಾಸಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಮುಂದಿನ ಲಂಟಾನದ ಬುಡಕ್ಕೆ ಬಾಗಿದಳು.